ಸಹಾಯ ಬೇಕು: ಎಂ.ಎಸ್. ಇರುವ ಅಕ್ಕನಿಗೆ ಲಸಿಕೆ

ಎಲ್ಲರಿಗೂ ನಮಸ್ಕಾರ. ನಾವು ಕಾಸರಗೋಡಿನ ಬದಿಯಡ್ಕ ಕಡೆಯವರು. ಅಕ್ಕನಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂ.ಎಸ್., ಮೆದುಳು-ಬೆನ್ನುಹುರಿಯ ನರಗಳ ಕಾಯಿಲೆ) ಇದೆ. ಎರಡು ತಿಂಗಳಲ್ಲಿ ಮಂಗಳೂರಿನಲ್ಲಿ ಅದಕ್ಕೆ ರಿಟುಕ್ಸಿಮ್ಯಾಬ್ ಎಂಬ ಔಷಧ ಶುರು ಮಾಡುತ್ತಾರೆ. ಅದು ರಕ್ತದ ಬಿ ಕಣಗಳನ್ನು (ಸೋಂಕಿನ ವಿರುದ್ಧ ಪ್ರತಿಕಾಯ ತಯಾರಾಗುವುದು ಇವುಗಳಿಂದ) ಇಳಿಸುತ್ತದೆ. ಆಮೇಲೆ ಲಸಿಕೆ ಹಾಕಿದರೆ ಮೈಗೆ ಅಷ್ಟಾಗಿ ಹತ್ತುವುದಿಲ್ಲವಂತೆ. ಅದಕ್ಕೇ ಫ್ಲೂ, ನ್ಯುಮೋನಿಯಾ ಲಸಿಕೆ ಕನಿಷ್ಠ 2 ವಾರ ಮೊದಲೇ ಮುಗಿಸಿ ಅಂದಿದ್ದಾರೆ ಡಾಕ್ಟರು.

ಇಲ್ಲಿನ ಒಂದು ಕ್ಲಿನಿಕ್‌ನಲ್ಲಿ ಕೇಳಿದರೆ "ಈ ಕಾಯಿಲೆಗೆ ಲಸಿಕೆಯೇ ಬೇಡ, ಜಾಸ್ತಿಯಾಗುತ್ತದೆ" ಎಂದು ಸುಮ್ನೆ ವಾಪಸ್ ಕಳಿಸಿದರು. ಫ್ಲೂ ಚುಚ್ಚುಮದ್ದಿನಲ್ಲಿ ಜೀವಂತ ವೈರಸ್ ಇರುವುದಿಲ್ಲ ಅಲ್ವಾ? ನನಗೆ ಹೆದರಿಕೆ ಲಸಿಕೆಯದ್ದಲ್ಲ, ಜ್ವರದ್ದು. ಕಳೆದ ಮಳೆಗಾಲದಲ್ಲಿ ಜ್ವರ ಏರಿದಾಗ ಅವಳಿಗೆ ಕಾಲು ಎತ್ತಿಡಲೂ ಆಗಲಿಲ್ಲ. ಇಳಿದ ಮೇಲೆ ಸರಿಹೋಯಿತು.

ಇನ್ನೊಂದು ತಲೆನೋವು ಚಿಕನ್‌ಪಾಕ್ಸ್. ಅಮ್ಮನನ್ನು ಕೇಳಿದರೆ "ಬಂದದ್ದು ನಿನಗೋ ಅವಳಿಗೋ" ಅನ್ನುತ್ತಾರೆ! ರಕ್ತ ಪರೀಕ್ಷೆಯಲ್ಲಿ ಪ್ರತಿಕಾಯ ಇಲ್ಲದಿದ್ದರೆ ಅದರ ಲಸಿಕೆ ಬೇಕಾಗಬಹುದು. ಅದು ಜೀವಂತ ಲಸಿಕೆ (ದುರ್ಬಲಗೊಳಿಸಿದ ಜೀವಂತ ವೈರಸ್ ಇರುವಂಥದ್ದು), ರಿಟುಕ್ಸಿಮ್ಯಾಬ್‌ಗೆ ಕನಿಷ್ಠ 4 ವಾರ ಮೊದಲೇ ಆಗಬೇಕು. ದಿನ ಓಡುತ್ತಿದೆ.

ಈ ಪರೀಕ್ಷೆ ಕಾಸರಗೋಡಿನಲ್ಲೇ ಆಗುತ್ತದೆಯೇ, ಮಂಗಳೂರಿಗೇ ಹೋಗಬೇಕೇ? ದೊಡ್ಡವರಿಗೆ ನ್ಯುಮೋನಿಯಾ ಲಸಿಕೆ ಹತ್ತಿರದಲ್ಲಿ ಎಲ್ಲಿ ಹಾಕುತ್ತಾರೆ? ರಿಟುಕ್ಸಿಮ್ಯಾಬ್ ತೆಗೆದುಕೊಳ್ಳುವವರು ಯಾರಾದರೂ ಇದ್ದರೆ, ಲಸಿಕೆ ಹೇಗೆ ಹೊಂದಿಸಿದಿರಿ, ದಯವಿಟ್ಟು ಬರೆಯಿರಿ.