ಸಹಾಯ ಬೇಕು: ಬೇರಿಯಂ ನಕ್ಷತ್ರದ ಒಳ್ಳೆಯ ವರ್ಣಪಟಲ ಯಾರ ಹತ್ತಿರ ಇದೆ?

ಎಲ್ಲರಿಗೂ ನಮಸ್ಕಾರ. ಮಕ್ಕಳಿಗೆ ಬೇರಿಯಂ ನಕ್ಷತ್ರಗಳ ಬಗ್ಗೆ ಹೇಳಬೇಕು ಅಂತ ಹೊರಟು ಸಿಕ್ಕಿಹಾಕಿಕೊಂಡಿದ್ದೇನೆ. 1951ರಲ್ಲಿ ಖಗೋಳಜ್ಞರಾದ ಬಿಡೆಲ್ಮನ್ ಮತ್ತು ಕೀನನ್ ಗುರುತಿಸಿದ ದೈತ್ಯ ನಕ್ಷತ್ರಗಳು ಇವು. ಬೇರಿಯಂ, ಸ್ಟ್ರಾನ್ಷಿಯಂ ಎಲ್ಲ ಜಾಸ್ತಿ. ಆದರೆ ಅದು ಸ್ವಂತ ಸಂಪಾದನೆ ಅಲ್ಲ! ಜೋಡಿ ನಕ್ಷತ್ರ ಮುಪ್ಪಿನಲ್ಲಿ ತನ್ನೊಳಗೆ ಬೇಯಿಸಿ, ಗಾಳಿಯಂತೆ ಊದಿ ಇದರ ಮೇಲೆ ಸುರಿದದ್ದು. ಕೊಟ್ಟವನು ಈಗ ಬರೀ ಶ್ವೇತ ಕುಬ್ಜ, ಅಂದರೆ ಉರಿದು ಮುಗಿದ ನಕ್ಷತ್ರದ ಪುಟ್ಟ ತಿರುಳು.

ಮಕರ ರಾಶಿಯ ಝೀಟಾ ಇಂಥದ್ದೇ, ಬರಿಗಣ್ಣಿಗೂ ಕಾಣುತ್ತದೆ. ತಾರಸಿಯಲ್ಲಿ ನನ್ನ 6 ಇಂಚಿನ ಟೆಲಿಸ್ಕೋಪಿಗೆ ಗ್ರೇಟಿಂಗ್ (ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಗೀರುಗಳ ಫಲಕ) ಹಾಕಿ ನೋಡಿದೆ. ನೀಲಿ ಭಾಗದಲ್ಲಿ 455.4 ನ್ಯಾನೋಮೀಟರಿನಲ್ಲಿ ಬೇರಿಯಂ ಮೂಡಿಸುವ ಕಪ್ಪು ಗೆರೆ ಹುಡುಕಿದರೆ ಸಿಕ್ಕಿದ್ದು ನೀರಲ್ಲಿ ನೆಂದ ಕಾಮನಬಿಲ್ಲು ಅಷ್ಟೇ. ಬೆಳಕು ಒಳಬಿಡುವ ಸೀಳುಕಿಂಡಿ (ಸ್ಲಿಟ್) ಇಲ್ಲದ್ದಕ್ಕೆ ಹೀಗಾ, ಅಥವಾ ಫೋಕಸ್ ತಪ್ಪಾ?

ಸ್ಲಿಟ್ ಇರುವ ಸ್ಪೆಕ್ಟ್ರೋಗ್ರಾಫಿನಲ್ಲಿ ಈ ನಕ್ಷತ್ರದ ವರ್ಣಪಟಲ ತೆಗೆದವರಿದ್ದರೆ ಚಿತ್ರ ಕಳಿಸ್ತೀರಾ? ಪಕ್ಕದಲ್ಲಿಟ್ಟು ತೋರಿಸಲು ಅದೇ ಬಣ್ಣದ ಮಾಮೂಲಿ ದೈತ್ಯನದ್ದೂ ಒಂದು ಬೇಕು.

ಇನ್ನೊಂದು ಪ್ರಶ್ನೆ. ನಕ್ಷತ್ರದಲ್ಲಿ ಟೆಕ್ನೀಷಿಯಂ (ತಾನಾಗೇ ಕ್ಷಯಿಸಿ ಹೋಗುವ ವಿಕಿರಣಶೀಲ ಧಾತು) ಇದ್ದರೆ ಸ್ವಂತ ಅಡುಗೆ, ಇಲ್ಲದಿದ್ದರೆ ಪಕ್ಕದ ಮನೆಯದ್ದು ಅಂತಾರಲ್ವಾ? ಅದರ ಅರ್ಧಾಯುಷ್ಯ (ಅರ್ಧದಷ್ಟು ಕ್ಷಯಿಸಲು ಹಿಡಿಯುವ ಕಾಲ) ಸುಮಾರು 2 ಲಕ್ಷ ವರ್ಷ. ನಕ್ಷತ್ರದ ಆಯುಷ್ಯದ ಮುಂದೆ ಅದು 'ಕಡಿಮೆ' ಹೇಗೆ ಅಂತ ಎಂಟನೇ ಕ್ಲಾಸಿನವರಿಗೆ ಹೇಳೋದು ಹೇಗೆ? ಹೋಲಿಕೆ ಇದ್ದರೆ ಕೊಡಿ.