ನವರಂಗ ಬೋರ್ಡಿನ ಅಕ್ಷರಗಳ ಬಗ್ಗೆ, ಸಹನಾಗೆ

ಸಹನಾ, ನೀನು ಗ್ರೂಪಿಗೆ ಹಾಕಿದ ಸ್ಕ್ರೀನ್‌ಶಾಟ್ ದೊಡ್ಡದು ಮಾಡಿ ನೋಡಿದೆ. ಅಕ್ಕನ ಟೈಲರಿಂಗ್ ಅಂಗಡಿಯ ಬೋರ್ಡಿಗೆ ‘ನವರಂಗ’ ಅಂತ ಇಂಕ್‌ಸ್ಕೇಪ್ ಅನ್ನುವ ಚಿತ್ರ ಬರೆಯುವ ಸಾಫ್ಟ್‌ವೇರಿನಲ್ಲಿ ನೀನೇ ಬರೆದಿದ್ದೀಯ. ಗೆರೆ ಎಲ್ಲಾ ಕಡೆ ಉಬ್ಬು ತಗ್ಗು ಆಗುತ್ತಿದೆ, ಏನು ಮಾಡಲಿ ಮಾಮಾ ಅಂತ ಕೇಳಿದ್ದೀಯ. ಅದರ ಕೆಳಗೆ ಭಾವ, ಪೆನ್ ಟ್ಯಾಬ್ಲೆಟ್ ಕೊಡಿಸಿದರೆ ಸರಿ ಹೋಗುತ್ತದಾ ಅಂದಿದ್ದಾರೆ. ಮಂಜು, ಕಾಗದದ ಮೇಲೆ ಬರೆದು ಫೋಟೋ ತೆಗೆದು ಟ್ರೇಸ್ ಕೊಟ್ಟರೆ, ಅಂದರೆ ಫೋಟೋವನ್ನು ಕಂಪ್ಯೂಟರೇ ಗೆರೆಯಾಗಿ ಬದಲಿಸುವ ಹಾಗೆ ಮಾಡಿದರೆ, ಮುಗಿಯಿತು ಅಂದಿದ್ದಾನೆ. ಮೂವರಿಗೂ ಸೇರಿಸಿ ಇಲ್ಲೇ ಹೇಳುತ್ತೇನೆ. ಉದ್ದ ಆಗುತ್ತದೆ, ಬಿಡುವಾದಾಗ ಕೂತು ಓದು. ಪಕ್ಕದಲ್ಲಿ ಲ್ಯಾಪ್‌ಟಾಪ್ ತೆರೆದಿರಲಿ.

ಭಾವ, ಟ್ಯಾಬ್ಲೆಟ್ ಬೇಡ. ಒಂದು ಸಾಧಾರಣ ಮೌಸ್ ಕೊಡಿಸಿ, ಸಾಕು. ಲ್ಯಾಪ್‌ಟಾಪಿನ ಟಚ್‌ಪ್ಯಾಡಿನಲ್ಲಿ ಎಳೆಯುವುದು ಕಷ್ಟ, ಅದು ನಿಜ. ಆದರೆ ಇಲ್ಲಿ ಕೈಯಿಂದ ಗೆರೆ ಎಳೆಯುವ ಕೆಲಸವೇ ಇಲ್ಲ. ಎಲ್ಲಿ ಬಿಂದು ಇಡಬೇಕು, ಗೆರೆ ಯಾವ ದಿಕ್ಕಿಗೆ ಹೊರಡಬೇಕು, ಇಷ್ಟನ್ನು ನಾವು ಹೇಳುತ್ತೇವೆ. ನಡುವಿನ ತಿರುವನ್ನು ಕಂಪ್ಯೂಟರ್ ಲೆಕ್ಕ ಹಾಕುತ್ತದೆ.

ನಿನ್ನ ಗೆರೆ ಯಾಕೆ ಹೀಗಾಯಿತು ಅಂದರೆ, ನೀನು ಪೆನ್ಸಿಲ್ ಟೂಲಿನಲ್ಲಿ ಬರೆದಿದ್ದೀಯ. ಕೈ ಹೋದ ಕಡೆಯೆಲ್ಲ ಅದು ಒಂದೊಂದು ಬಿಂದು ಇಡುತ್ತಾ ಹೋಗಿದೆ. ‘ರ’ ಒಂದರಲ್ಲೇ ಬಿಂದುಗಳು ಇರುವೆ ಸಾಲಿನ ಹಾಗೆ ಕಾಣುತ್ತಿವೆ. ಪ್ರತಿ ಬಿಂದುವಿನಲ್ಲೂ ಗೆರೆ ಸ್ವಲ್ಪ ಸ್ವಲ್ಪ ದಿಕ್ಕು ಬದಲಿಸುತ್ತದೆ. ಕಣ್ಣಿಗೆ ಕಾಣುವ ಉಬ್ಬು ಅದೇ. ನಾನು ಈ ಮೆಸೇಜಿನಲ್ಲಿ ಹೇಳಬೇಕಾದ ಮುಖ್ಯ ಮಾತು ಒಂದೇ: ಬಿಂದು ಕಡಿಮೆ ಇಡು, ಸರಿಯಾದ ಜಾಗದಲ್ಲಿ ಇಡು. ಹೇಗೆ ಅಂತ ಈಗ ಹೇಳುತ್ತೇನೆ.

ಅಕ್ಷರವನ್ನು ಪಕ್ಕಕ್ಕಿಡು. ಮೊದಲು ಒಂದು ವೃತ್ತ ಬರೆ. ಕೀಬೋರ್ಡಿನಲ್ಲಿ ಇಂಗ್ಲಿಷಿನ ‘ಇ’ (E) ಒತ್ತಿದರೆ ವೃತ್ತದ ಟೂಲ್ ಬರುತ್ತದೆ. ಕಂಟ್ರೋಲ್ ಹಿಡಿದುಕೊಂಡು ಓರೆಯಾಗಿ ಎಳೆ, ಆಗ ಮೊಟ್ಟೆಯ ಆಕಾರಕ್ಕೆ ಹೋಗದೆ ಸರಿಯಾದ ವೃತ್ತವೇ ಸಿಗುತ್ತದೆ. ಶಿಫ್ಟನ್ನೂ ಸೇರಿಸಿ ಹಿಡಿದರೆ ನಡುವಿನಿಂದ ಬೆಳೆಯುತ್ತದೆ. ಈಗ ಕಂಟ್ರೋಲ್ ಶಿಫ್ಟ್ ಸಿ ಒತ್ತು. ಮೆನುವಿನಲ್ಲಿ ಇದು ಆಬ್ಜೆಕ್ಟ್ ಟು ಪಾಥ್ ಅಂತ ಇದೆ, ಆಕಾರವನ್ನು ಬಿಂದುಗಳಿರುವ ಗೆರೆಯಾಗಿ ಬದಲಿಸುತ್ತದೆ. ಆಮೇಲೆ ‘ಎನ್’ ಒತ್ತಿ ನೋಡ್ ಟೂಲ್ ತಗೋ, ನೋಡ್ ಅಂದರೆ ಬಿಂದು. ಇಡೀ ವೃತ್ತಕ್ಕೆ ಎಷ್ಟು ಬಿಂದು ಇವೆ ಎಣಿಸು. ನಾಲ್ಕೇ ನಾಲ್ಕು! ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ. ಒಂದನ್ನು ಕ್ಲಿಕ್ ಮಾಡಿದರೆ ಎರಡು ಕಡೆಗೂ ಸಣ್ಣ ಕಡ್ಡಿಗಳು ಹೊರಗೆ ಬರುತ್ತವೆ. ಅವಕ್ಕೆ ಹ್ಯಾಂಡಲ್ ಅನ್ನುತ್ತಾರೆ. ಮೇಲಿನ ಮತ್ತು ಕೆಳಗಿನ ಬಿಂದುವಿನ ಹ್ಯಾಂಡಲ್ ಅಡ್ಡಕ್ಕೆ ಮಲಗಿವೆ, ಎಡ ಬಲದವು ನೆಟ್ಟಗೆ ನಿಂತಿವೆ. ಉದ್ದ ಅಳೆದರೆ ವೃತ್ತದ ತ್ರಿಜ್ಯದ ಶೇಕಡಾ 55ರಷ್ಟು ಇರುತ್ತದೆ. ತ್ರಿಜ್ಯ 100 ಮಿಲಿಮೀಟರ್ ಆದರೆ ಹ್ಯಾಂಡಲ್ ಸುಮಾರು 55. ಈ ಅಳತೆಯಲ್ಲಿ ಬರುವ ಗೆರೆ ಗಣಿತದ ಲೆಕ್ಕದಲ್ಲಿ ಪೂರ್ತಿ ವೃತ್ತ ಅಲ್ಲ. ಆದರೆ ವ್ಯತ್ಯಾಸ ತ್ರಿಜ್ಯದ ಶೇಕಡಾ 0.03ಕ್ಕಿಂತ ಕಡಿಮೆ. ಆರು ಅಡಿ ಬೋರ್ಡಿನ ಮೇಲೂ ಯಾರ ಕಣ್ಣಿಗೂ ಬೀಳುವುದಿಲ್ಲ.

ಈ ವೃತ್ತದ ಜೊತೆ ಆಟ ಆಡು. ಒಂದು ಹ್ಯಾಂಡಲ್ ಉದ್ದ ಮಾಡು, ಗೆರೆ ಆ ದಿಕ್ಕಿನಲ್ಲಿ ಜಾಸ್ತಿ ದೂರ ಹೋಗಿ ಆಮೇಲೆ ತಿರುಗುತ್ತದೆ. ಗಿಡ್ಡ ಮಾಡು, ಬೇಗ ತಿರುಗುತ್ತದೆ. ಕೋನ ಬದಲಿಸು, ಗೆರೆ ಹೊರಡುವ ದಿಕ್ಕು ಬದಲಾಗುತ್ತದೆ. ಪಾಠ ಓದುವುದಕ್ಕಿಂತ ಈ ಆಟದಿಂದಲೇ ಕೈಗೆ ಬೇಗ ಹತ್ತುತ್ತದೆ.

ಕಂಪ್ಯೂಟರ್ ಒಳಗೆ ಏನು ಮಾಡುತ್ತದೆ ಅಂತ ಗೊತ್ತಿದ್ದರೆ ಭಯ ಹೋಗುತ್ತದೆ. ನಿನ್ನ ಗ್ರಾಫ್ ಪುಸ್ತಕದಲ್ಲೇ ಮಾಡಿ ನೋಡಬಹುದು. ನಾಲ್ಕು ಚುಕ್ಕಿ ಇಡು. ಮೊದಲನೆಯದು ಮತ್ತು ಕೊನೆಯದು ಗೆರೆಯ ತುದಿಗಳು. ನಡುವಿನ ಎರಡು ಹ್ಯಾಂಡಲಿನ ತುದಿಗಳು. ಒಂದರಿಂದ ಒಂದಕ್ಕೆ ಸೇರಿಸಿದರೆ ಮೂರು ನೇರ ಗೆರೆ ಆಗುತ್ತವೆ. ಮೂರರ ಮಧ್ಯಕ್ಕೂ ಒಂದೊಂದು ಗುರುತು ಹಾಕು. ಆ ಮೂರನ್ನು ಸೇರಿಸು, ಎರಡು ಗೆರೆ ಸಿಗುತ್ತವೆ. ಅವುಗಳ ಮಧ್ಯ ಗುರುತಿಸು. ಆ ಎರಡನ್ನು ಸೇರಿಸಿ ಮತ್ತೆ ಮಧ್ಯ ಹಿಡಿ. ಕೊನೆಗೆ ಉಳಿದ ಆ ಒಂದು ಚುಕ್ಕಿ ಇದೆಯಲ್ಲ, ಅದು ಸರಿಯಾಗಿ ಬಾಗುಗೆರೆಯ ಮೇಲೇ ಇರುತ್ತದೆ. ಮಧ್ಯದ ಬದಲು ಕಾಲು ಭಾಗ, ಮುಕ್ಕಾಲು ಭಾಗ ಅಂತ ಇದನ್ನೇ ಮಾಡುತ್ತಾ ಹೋದರೆ ಪೂರ್ತಿ ಗೆರೆ ಮೂಡುತ್ತದೆ. ಇದನ್ನು 1959ರಲ್ಲಿ ಫ್ರಾನ್ಸಿನ ಸಿಟ್ರೊಯೆನ್ ಕಾರ್ ಕಂಪನಿಯಲ್ಲಿದ್ದ ಪಾಲ್ ದ ಕಾಸ್ತಲ್ಜೋ ಕಂಡುಹಿಡಿದರು. ಕಾರಿನ ಮೈಯ ತಿರುವುಗಳನ್ನು ಲೆಕ್ಕದಲ್ಲಿ ಬರೆಯಲು ಬೇಕಾಗಿತ್ತು. ಕಂಪನಿ ಅದನ್ನು ಗುಟ್ಟಾಗಿ ಇಟ್ಟಿತು. 1960ರ ದಶಕದಲ್ಲಿ ರೆನೋ ಕಂಪನಿಯ ಎಂಜಿನಿಯರ್ ಪಿಯೆರ್ ಬೆಜಿಯೇ ತಮ್ಮದೇ ದಾರಿಯಲ್ಲಿ ಇದೇ ಗೆರೆಗೆ ಬಂದು, ಅದನ್ನು ಪ್ರಕಟಿಸಿದರು. ಹಾಗಾಗಿ ಗೆರೆಗೆ ಬೆಜಿಯೇ ಕರ್ವ್ ಅಂತ ಅವರ ಹೆಸರೇ ಉಳಿಯಿತು. ಇಂಕ್‌ಸ್ಕೇಪ್ ಆಗಲಿ, ಸ್ಟಿಕ್ಕರ್ ಕತ್ತರಿಸುವ ನಮ್ಮ ಅಂಗಡಿಯಲ್ಲಿರುವ ಕೋರೆಲ್ ಡ್ರಾ ಆಗಲಿ, ಇಲ್ಲಸ್ಟ್ರೇಟರ್ ಆಗಲಿ, ಎಲ್ಲದರಲ್ಲೂ ಇದೇ ಗೆರೆ. ಒಂದರಲ್ಲಿ ಕಲಿತರೆ ಉಳಿದವಕ್ಕೆ ಬಟನ್ ಎಲ್ಲಿದೆ ಅಂತ ಹುಡುಕಿದರೆ ಸಾಕು.

ಈಗ ಅಕ್ಷರಕ್ಕೆ ಬಾ. ವೃತ್ತಕ್ಕೆ ಬಿಂದು ಎಲ್ಲಿದ್ದವು? ತೀರಾ ಮೇಲೆ, ತೀರಾ ಕೆಳಗೆ, ತೀರಾ ಎಡಕ್ಕೆ, ತೀರಾ ಬಲಕ್ಕೆ. ಅಕ್ಷರಕ್ಕೂ ಹಾಗೇ ಮಾಡು. ಫಾಂಟ್ ಮಾಡುವವರೂ ಬಿಂದುಗಳನ್ನು ಹೀಗೇ ಅಂಚುಗಳಲ್ಲಿ ಇಡುತ್ತಾರೆ. ‘ರ’ದ ಹೊಟ್ಟೆ ತಗೋ. ಎಡಕ್ಕೆ ಎಲ್ಲಿ ತೀರಾ ಹೊರಗೆ ಬರುತ್ತದೋ ಅಲ್ಲಿ ಒಂದು, ತಳದಲ್ಲಿ ಒಂದು, ಬಲಕ್ಕೆ ಒಂದು, ಆಮೇಲೆ ಗೆರೆ ಶುರುವಾಗುವ ಮತ್ತು ಮುಗಿಯುವ ಜಾಗದಲ್ಲಿ ಒಂದೊಂದು. ಹ್ಯಾಂಡಲ್‌ಗಳು ಅಡ್ಡಕ್ಕೆ ಇಲ್ಲವೇ ನೆಟ್ಟಗೆ ಇರಲಿ. ಅಕ್ಕ ಬ್ಲೌಸಿಗೆ ತೋಳಿನ ಬಾಗು ಗುರುತು ಮಾಡುವುದನ್ನು ನೋಡಿದ್ದೀಯಲ್ಲ? ಭುಜದಲ್ಲಿ ಒಂದು ಗುರುತು, ಎದೆ ಗೆರೆಯ ಹತ್ತಿರ ಒಂದು, ನಡುವೆ ಎಲ್ಲಿ ಒಳಗೆ ಹೋಗಬೇಕೋ ಅಲ್ಲಿ ಒಂದು. ಆಮೇಲೆ ಕರ್ವ್ ಸ್ಕೇಲ್ ಇಟ್ಟು ಒಂದೇ ಸಲಕ್ಕೆ ಎಳೆಯುತ್ತಾಳೆ. ಇಂಚಿಗೊಂದು ಗುರುತು ಹಾಕುವುದಿಲ್ಲ. ನೀನೂ ಹಾಗೇ ಮಾಡು.

ಬರೆಯುವ ಟೂಲ್ ‘ಬಿ’ ಒತ್ತಿದರೆ ಬರುವ ಪೆನ್. ಸುಮ್ನೆ ಕ್ಲಿಕ್ ಮಾಡಿದರೆ ಮೂಲೆ ಆಗುತ್ತದೆ. ಕ್ಲಿಕ್ ಮಾಡಿ ಬಿಡದೆ ಎಳೆದರೆ ಬಾಗು ಆಗುತ್ತದೆ. ಎಳೆಯುವುದು ಗೆರೆ ಮುಂದೆ ಹೋಗಬೇಕಾದ ದಿಕ್ಕಿಗೆ, ಬಾಗಿನ ಹೊಟ್ಟೆಯ ಕಡೆಗೆ ಅಲ್ಲ. ಕಲಿಯುವವರು ಹೆಚ್ಚಾಗಿ ಸಿಕ್ಕಿಕೊಳ್ಳುವುದು ಇಲ್ಲೇ. ಎಳೆಯುವಾಗ ಕಂಟ್ರೋಲ್ ಹಿಡಿದರೆ ಹ್ಯಾಂಡಲ್ 15 ಡಿಗ್ರಿಯ ಲೆಕ್ಕದಲ್ಲಿ ನಿಲ್ಲುತ್ತದೆ. ಅಡ್ಡ, ನೆಟ್ಟಗೆ ಎರಡೂ ತಪ್ಪದೆ ಸಿಗುತ್ತವೆ. ಶಿಫ್ಟ್ ಹಿಡಿದರೆ ಒಂದು ಕಡೆಯ ಹ್ಯಾಂಡಲ್ ಮಾತ್ರ ಅಲುಗುತ್ತದೆ, ಚೂಪು ತಿರುವಿಗೆ ಅದು ಬೇಕು. ಕೊನೆಯ ಬಿಂದು ಇಷ್ಟ ಆಗಲಿಲ್ಲ ಅಂದರೆ ಬ್ಯಾಕ್‌ಸ್ಪೇಸ್. ಮುಗಿದರೆ ಎಂಟರ್. ಒಂದು ಬಿಂದುವಿನಿಂದ ಇನ್ನೊಂದಕ್ಕೆ ಹೋಗುವಾಗ ಗೆರೆ ಕಾಲು ವೃತ್ತದಷ್ಟು ತಿರುಗಿದರೆ ಸಾಕು, ಅದಕ್ಕಿಂತ ಜಾಸ್ತಿ ತಿರುಗಿಸಲು ಹೋದರೆ ಹ್ಯಾಂಡಲ್ ತುಂಬಾ ಉದ್ದ ಆಗಿ ಗೆರೆ ಸೊಟ್ಟ ಆಗುತ್ತದೆ.

ಮೊದಲ ಸಲಕ್ಕೇ ಸರಿ ಬರಲಿ ಅಂತ ಕಾಯಬೇಡ. ಸುಮಾರಾಗಿ ಬರೆದು, ಆಮೇಲೆ ‘ಎನ್’ ಒತ್ತಿ ತಿದ್ದು. ಬಿಂದು ಆರಿಸಿ ಶಿಫ್ಟ್ ಎಸ್ ಕೊಟ್ಟರೆ ಬಾಗು ನುಣುಪು, ಶಿಫ್ಟ್ ಸಿ ಕೊಟ್ಟರೆ ಮೂಲೆ. ಬೇಡದ ಬಿಂದುವಿಗೆ ಡಿಲೀಟ್. ಒಂದು ಬಿಂದು ತೆಗೆದ ಮೇಲೂ ಆಕಾರ ಹಾಗೇ ಉಳಿದರೆ, ಆ ಬಿಂದು ಅಲ್ಲಿ ಬೇಕಾಗಿರಲೇ ಇಲ್ಲ.

ದಪ್ಪದ ವಿಷಯ. ನೀನು ಅಕ್ಷರದ ಹೊರಗಿನ ಅಂಚು, ಒಳಗಿನ ಅಂಚು ಬೇರೆ ಬೇರೆ ಬರೆಯಲು ಹೊರಟಿದ್ದೀಯ. ಈಗಲೇ ಬೇಡ. ನಡುವಿನ ಒಂದೇ ಗೆರೆ ಬರೆದು, ಅದಕ್ಕೆ ದಪ್ಪ ಕೊಡು. ಕಂಟ್ರೋಲ್ ಶಿಫ್ಟ್ ಎಫ್ ಒತ್ತಿದರೆ ಫಿಲ್ ಮತ್ತು ಸ್ಟ್ರೋಕ್ ಕಿಟಕಿ ಬರುತ್ತದೆ. ತುದಿ ದುಂಡಗೆ ಇರುವುದನ್ನು ಆರಿಸು. ಎಲ್ಲಾ ಅಕ್ಷರಕ್ಕೂ ಒಂದೇ ದಪ್ಪ. ಇನ್ನೊಂದು ಅನುಕೂಲ ನೋಡು, ‘ನವರಂಗ’ದ ನ, ವ, ರ, ಗ ನಾಲ್ಕಕ್ಕೂ ತಲೆಕಟ್ಟು ಇದೆ. ಒಂದು ತಲೆಕಟ್ಟನ್ನು ಚೆನ್ನಾಗಿ ಬರೆ, ಆಲ್ಟ್ ಡಿ ಒತ್ತಿ ಅದರ ಕ್ಲೋನ್ ಮಾಡಿ ಉಳಿದ ಮೂರಕ್ಕೂ ಇಡು. ಮೊದಲನೆಯದನ್ನು ತಿದ್ದಿದರೆ ಉಳಿದವೂ ತಾವಾಗಿಯೇ ತಿದ್ದಿಕೊಳ್ಳುತ್ತವೆ. ಬೋರ್ಡಿನ ಅಕ್ಷರಗಳು ಒಂದೇ ಮನೆಯವರ ಹಾಗೆ ಕಾಣುವುದು ಇದರಿಂದಲೇ. ಇದನ್ನು ಮಾತ್ರ ಬಿಡಬೇಡ.

ಸೊನ್ನೆಗೆ ನನಗೊಂದು ಯೋಚನೆ ಬಂತು. ಟೈಲರ್ ಅಂಗಡಿ ಅಲ್ವಾ, ಅದನ್ನು ಅಂಗಿಯ ಗುಂಡಿ ಮಾಡೋಣ. ದೊಡ್ಡ ವೃತ್ತ ಒಂದು, ಒಳಗೆ ನಾಲ್ಕು ಸಣ್ಣ ವೃತ್ತ. ಸಣ್ಣ ನಾಲ್ಕನ್ನು ಆರಿಸಿ ಕಂಟ್ರೋಲ್ ಪ್ಲಸ್ ಕೊಟ್ಟು ಒಂದಾಗಿಸು. ಅಲೈನ್ ಕಿಟಕಿಯಲ್ಲಿ ಎರಡನ್ನೂ ನಡುವಿಗೆ ತಾ. ಆಮೇಲೆ ಎರಡನ್ನೂ ಆರಿಸಿ ಕಂಟ್ರೋಲ್ ಮೈನಸ್. ಮೇಲಿರುವ ಆಕಾರ ಕೆಳಗಿನದನ್ನು ಕತ್ತರಿಸುತ್ತದೆ, ತೂತು ಬೀಳುತ್ತದೆ. ಸೂಜಿ ಬೇಕು ಅಂದರೂ ಇದೇ ದಾರಿ, ಉದ್ದ ಮೊಟ್ಟೆಯಾಕಾರದಿಂದ ಪುಟ್ಟ ಮೊಟ್ಟೆಯಾಕಾರ ಕಳೆಯುವುದು. ಚೌಕ, ವೃತ್ತ, ನಕ್ಷತ್ರ ಇಷ್ಟನ್ನು ಕೂಡಿಸಿ ಕಳೆದು ಏನೇನೋ ಮಾಡಬಹುದು. ಆಕಾರದಿಂದ ಆಗುವ ಕೆಲಸಕ್ಕೆ ಪೆನ್ ಹಿಡಿಯಬೇಡ.

ಮೂಲೆಯಲ್ಲಿ ಒಂಬತ್ತು ಎಸಳಿನ ಹೂ ಬೇಕು ಅಂದಿದ್ದೀಯ. ಎಸಳಿಗೆ ಎರಡೇ ಬಿಂದು ಸಾಕು, ತಳದಲ್ಲಿ ಮತ್ತು ತುದಿಯಲ್ಲಿ, ಎರಡೂ ಮೂಲೆ ಬಿಂದು, ಹ್ಯಾಂಡಲ್ ಹೊರಗೆ ಚಾಚಿರಲಿ. ಸೆಲೆಕ್ಟ್ ಟೂಲಿನಲ್ಲಿ ಎಸಳನ್ನು ಎರಡನೇ ಸಲ ಕ್ಲಿಕ್ ಮಾಡಿದರೆ ನಡುವೆ ಸಣ್ಣ ಕೂಡು ಗುರುತು ಕಾಣುತ್ತದೆ. ಅದನ್ನು ಎಸಳಿನ ತಳಕ್ಕೆ ಎಳೆದು ಇಡು. ಕಂಟ್ರೋಲ್ ಡಿ ಒತ್ತಿ ಪ್ರತಿ ಮಾಡು, ಟ್ರಾನ್ಸ್‌ಫಾರ್ಮ್ ಕಿಟಕಿಯಲ್ಲಿ 40 ಡಿಗ್ರಿ ತಿರುಗಿಸು, ಮತ್ತೆ ಅದೇ. 360ನ್ನು 9ರಿಂದ ಭಾಗಿಸಿದರೆ 40. ಕಂಟ್ರೋಲ್ ಹಿಡಿದು ಕೈಯಿಂದ ತಿರುಗಿಸಿದರೆ 15ರ ಲೆಕ್ಕದಲ್ಲಿ ಹೋಗುತ್ತದೆ, 40 ಸಿಗುವುದಿಲ್ಲ. ಅದಕ್ಕೇ ಕಿಟಕಿಯಲ್ಲಿ ಅಂಕಿ ಹಾಕು ಅಂದಿದ್ದು.

ಮಂಜು, ಟ್ರೇಸ್ ವಿಷಯಕ್ಕೆ ಬರುತ್ತೇನೆ. ಫೋಟೋದಲ್ಲಿರುವ ಕಾಗದದ ನೆರಳು, ಶಾಯಿಯ ಅಂಚು ಎಲ್ಲವನ್ನೂ ಅದು ಆಕಾರ ಅಂದುಕೊಂಡು ಬಿಂದು ಸುರಿಯುತ್ತದೆ. ಚಿತ್ರಕ್ಕೆ ಪರವಾಗಿಲ್ಲ. ಸ್ಟಿಕ್ಕರ್ ಕತ್ತರಿಸುವ ಅಕ್ಷರಕ್ಕೆ ಆಗುವುದಿಲ್ಲ. ನಮ್ಮ ಕಟಿಂಗ್ ಮೆಷಿನ್ನಿನ ಬ್ಲೇಡ್ ಆ ಗೆರೆಯ ಮೇಲೇ ನಡೆಯುತ್ತದೆ. ಬಿಂದು ಜಾಸ್ತಿ ಇದ್ದರೆ ತಡವರಿಸುತ್ತಾ ಹೋಗುತ್ತದೆ, ವಿನೈಲಿನ, ಅಂದರೆ ಸ್ಟಿಕ್ಕರ್ ಹಾಳೆಯ, ಅಂಚು ಹರಿದ ಹಾಗೆ ಬರುತ್ತದೆ. ಆದರೆ ನಿನ್ನ ಮಾತಿನಲ್ಲಿ ಅರ್ಧ ಸರಿ. ಸಹನಾ, ಕಾಗದದ ಮೇಲೆ ಕೈಯಲ್ಲೇ ಬರೆ, ಫೋಟೋ ತೆಗೆ, ಇಂಕ್‌ಸ್ಕೇಪಿಗೆ ತಂದು ಮಸುಕು ಮಾಡಿ ಲೇಯರ್ ಲಾಕ್ ಮಾಡು. ಅದರ ಮೇಲಿನ ಲೇಯರಿನಲ್ಲಿ ಪೆನ್ ಟೂಲಿನಿಂದ ಬಿಂದು ಇಡು. ನಿನ್ನ ಕೈಬರಹದ ಗುಣ ಉಳಿಯುತ್ತದೆ, ಗೆರೆಯೂ ನುಣುಪಾಗುತ್ತದೆ.

ಬರೆದಾದ ಮೇಲೆ ಒಂದು ಪರೀಕ್ಷೆ. ಎಲ್ಲಾ ಆರಿಸಿ ‘ವಿ’ ಒತ್ತು, ಪದ ತಲೆಕೆಳಗಾಗುತ್ತದೆ. ಆಗ ಅದು ಓದುವ ಪದವಾಗಿ ಕಾಣುವುದಿಲ್ಲ, ಬರೀ ಆಕಾರವಾಗಿ ಕಾಣುತ್ತದೆ. ಎಲ್ಲಿ ಉಬ್ಬು ಇದೆ, ಎಲ್ಲಿ ಸಂದು ಜಾಸ್ತಿ ಇದೆ ಅಂತ ತಕ್ಷಣ ಗೊತ್ತಾಗುತ್ತದೆ. ದುಂಡಗಿನ ತಳ ಇರುವ ಅಕ್ಷರವನ್ನು ಸಾಲಿನಿಂದ ಒಂಚೂರು ಕೆಳಗೆ ಇಳಿಸು. ಅಳತೆಯಲ್ಲಿ ಸರಿ ಇದ್ದರೂ ಕಣ್ಣಿಗೆ ದುಂಡು ಚಿಕ್ಕದಾಗಿ ಕಾಣುತ್ತದೆ.

ನನಗೆ ಕಳಿಸುವ ಮುಂಚೆ ಮೂಲ ಫೈಲಿನ ಒಂದು ಪ್ರತಿ ಬೇರೆ ಇಟ್ಟುಕೋ, ಮುಂದೆ ತಿದ್ದಲು ಬೇಕಾಗುತ್ತದೆ. ಇನ್ನೊಂದು ಪ್ರತಿಯಲ್ಲಿ ಕ್ಲೋನ್‌ಗಳನ್ನು ಅನ್‌ಲಿಂಕ್ ಮಾಡು, ಎಲ್ಲಾ ಗೆರೆಗೂ ಕಂಟ್ರೋಲ್ ಆಲ್ಟ್ ಸಿ ಕೊಡು, ಆಗ ದಪ್ಪ ಗೆರೆ ಸುತ್ತಲೂ ಅಂಚಿರುವ ಆಕಾರ ಆಗುತ್ತದೆ. ಇಲ್ಲದಿದ್ದರೆ ಮೆಷಿನ್ ದಪ್ಪ ಗೆರೆಯ ನಡುವೆ ಮಾತ್ರ ಒಂದು ಸೀಳು ಹಾಕುತ್ತದೆ. ಆಮೇಲೆ ಒಂದೊಂದು ಅಕ್ಷರವನ್ನೂ ಅದರ ತಲೆಕಟ್ಟಿನ ಜೊತೆ ಕಂಟ್ರೋಲ್ ಪ್ಲಸ್ ಕೊಟ್ಟು ಸೇರಿಸು, ಇಲ್ಲದಿದ್ದರೆ ಎರಡೂ ಕೂಡುವ ಜಾಗದಲ್ಲಿ ಬ್ಲೇಡ್ ಅಡ್ಡ ಕತ್ತರಿಸುತ್ತದೆ. ಅಳತೆ ಮಿಲಿಮೀಟರಿನಲ್ಲಿ ಇರಲಿ. ಪ್ಲೇನ್ ಎಸ್‌ವಿಜಿ (ಗೆರೆ, ಬಿಂದು ಹಾಗೇ ಉಳಿಯುವ ಫೈಲ್) ಅಂತ ಸೇವ್ ಮಾಡಿ ಕಳಿಸು, ವಾಟ್ಸ್ಆಪಿನಲ್ಲಿ ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ. ಸೋಮವಾರದ ಒಳಗೆ ‘ರ’ ಒಂದನ್ನು ಮುಗಿಸಿ ನೋಡ್ ಟೂಲಿನಲ್ಲಿ ಬಿಂದುಗಳು ಕಾಣುವ ಹಾಗೆ ಸ್ಕ್ರೀನ್‌ಶಾಟ್ ಹಾಕು, ಅದು ಸರಿ ಇದ್ದರೆ ಉಳಿದ ಮೂರಕ್ಕೆ ಕೈ ಹಾಕು. ಅಕ್ಕಾ, ಅಂಗಡಿ ಮುಂದಿನ ಬೋರ್ಡಿನ ಚೌಕಟ್ಟಿನ ಒಳಗಿನ ಅಳತೆ ಟೇಪಿನಿಂದ ಅಳೆದು ಇಲ್ಲೇ ಬರೆ. ವಿನೈಲ್ ಯಾವ ಬಣ್ಣ ಅನ್ನುವುದನ್ನೂ ಹೇಳು, ಕೆಂಪು ಇದೆ, ಹಳದಿ ತರಿಸಬೇಕು.