ಕಿವಿಯ ಶಸ್ತ್ರಚಿಕಿತ್ಸೆಯ ನಡುವೆ ರಕ್ತಸ್ರಾವವಾದವರು ದಯವಿಟ್ಟು ಅನುಭವ ತಿಳಿಸಿ

ಮಗಳು: ಅಮ್ಮನ ಬಲಗಿವಿಯ ತಮಟೆಯ ತೂತು ಮುಚ್ಚುವ ಟಿಂಪನೋಪ್ಲಾಸ್ಟಿಯನ್ನು, ಚರ್ಮದ ಪದರ ಎತ್ತುತ್ತಿದ್ದಂತೆಯೇ ರಕ್ತ ಉಕ್ಕಿದ್ದರಿಂದ ಅರ್ಧಕ್ಕೇ ನಿಲ್ಲಿಸಿದರು. ಜುಗುಲರ್ ಬಲ್ಬ್ (ಕಿವಿಯ ಕೆಳಗಿರುವ ದೊಡ್ಡ ಅಭಿಧಮನಿಯ ಉಬ್ಬು) ಎತ್ತರದಲ್ಲಿದ್ದು, ಅದರ ಮೇಲೆ ಮೂಳೆಯ ಹೊದಿಕೆ ಇರಲಿಲ್ಲವಂತೆ. ಮತ್ತೊಮ್ಮೆ ಮಾಡಿಸಬಹುದೇ?

ಬಲಗಿವಿ: ನನಗೂ ಇದೇ ಆಗಿತ್ತು. ವೈದ್ಯರು ಗಾಬರಿಯಾಗದೆ, ರಕ್ತ ಹೀರುವ ಸ್ಪಂಜಿನಂಥ ಜೆಲ್‌ಫೋಮ್ ಇಟ್ಟು ಒತ್ತಿ ಹಿಡಿದು ರಕ್ತ ನಿಲ್ಲಿಸಿದರು. ಆಮೇಲಿನ ದಿನಗಳೇ ಕಷ್ಟದವು: ಕಿವಿ ಪೂರ್ತಿ ಮುಚ್ಚಿಹೋಗಿತ್ತು, ಮಗ್ಗುಲು ಬದಲಿಸಿದರೆ ತಲೆ ಸುತ್ತುತ್ತಿತ್ತು, ಸೀನು ಬಂದರೆ ಮತ್ತೆ ರಕ್ತ ಬಂದೀತೆಂದು ಬಾಯಿ ತೆರೆದುಕೊಂಡೇ ಸೀನುತ್ತಿದ್ದೆ. ಮುಂದೆ ಸಿ.ಟಿ. ಸ್ಕ್ಯಾನ್ ನೋಡಿಕೊಂಡು, ತಮಟೆಯ ಕೆಳಭಾಗದಲ್ಲಿ ಎಚ್ಚರವಹಿಸಿ ಮತ್ತೆ ಮಾಡಿದರು. ತೂತಿಗೆ ಹಾಕಿದ ತೇಪೆ ಚೆನ್ನಾಗಿ ಕೂತಿದೆ. ನನ್ನ ವೈದ್ಯರ ಬಗ್ಗೆ ಯಾರೂ ಹಗುರವಾಗಿ ಮಾತನಾಡಬೇಡಿ.

ಅಣ್ಣ: ನಿಮ್ಮ ವೈದ್ಯರು ಸ್ಕ್ಯಾನನ್ನು ಮೊದಲೇ ಮಾಡಿಸಬೇಕಿತ್ತಲ್ಲವೇ? ನನ್ನ ತಮ್ಮನಿಗೆ ಕಿವಿಯ ಹಿಂದಿನ ಮ್ಯಾಸ್ಟಾಯ್ಡ್ ಮೂಳೆ ಕೊರೆಯುವಾಗ ಸಿಗ್ಮಾಯ್ಡ್ ಸೈನಸ್ (ಮೆದುಳಿನಿಂದ ರಕ್ತ ಇಳಿದು ಬರುವ ದೊಡ್ಡ ಅಭಿಧಮನಿ) ಹರಿಯಿತು. ರಕ್ತ ತಡೆಯುವ ಸರ್ಜಿಸೆಲ್ ಎಂಬ ಬಟ್ಟೆ ತುಂಬಿ ನಿಲ್ಲಿಸಿದರು, ಆದರೆ ಆ ಸೈನಸ್‌ನಲ್ಲೇ ರಕ್ತ ಹೆಪ್ಪುಗಟ್ಟಿ, ತಾಳಲಾರದ ತಲೆನೋವು ಶುರುವಾಯಿತು. ಹೆಪ್ಪು ತಡೆಯುವ ಔಷಧಿ ಕೊಟ್ಟರೆ ಗಾಯ ಒಸರುತ್ತಿತ್ತು, ನಿಲ್ಲಿಸಿದರೆ ಹೆಪ್ಪಿನ ಭಯ. ಸೈನಸ್ ಮುಂದಕ್ಕೆ ಚಾಚಿಕೊಂಡಿರುವುದು ಅವನ ಸ್ಕ್ಯಾನಿನಲ್ಲಿ ಕಾಣುತ್ತಿತ್ತು, ನೋಡಿದವರಿರಲಿಲ್ಲ.

ಬಲಗಿವಿ: ಬರೀ ತೂತು ಮುಚ್ಚುವುದಕ್ಕೆ ಎಲ್ಲರಿಗೂ ಸ್ಕ್ಯಾನ್ ಮಾಡಿಸುವ ರೂಢಿಯಿಲ್ಲ. ಕೊಲೆಸ್ಟಿಯಟೋಮ (ಕಿವಿಯೊಳಗೆ ಚರ್ಮ ಶೇಖರವಾಗಿ ಬೆಳೆಯುವ ಗಂಟು) ಮೂಳೆಯನ್ನೇ ತಿಂದಿದ್ದರೆ ನುರಿತ ಕೈಯಲ್ಲೂ ಸೈನಸ್ ಹರಿಯಬಹುದು. ಎಲ್ಲವನ್ನೂ ವೈದ್ಯರ ತಲೆಗೆ ಕಟ್ಟುವುದು ಸುಲಭ.

ಅಣ್ಣ: ತಮ್ಮನಿಗೆ ಕೊಲೆಸ್ಟಿಯಟೋಮ ಇರಲೇ ಇಲ್ಲ. ನಾನು ಬರೆದಿದ್ದನ್ನು ಓದಿ, ಆಮೇಲೆ ಉಪದೇಶ ಮಾಡಿ.

ಪತಿ: ನೀವಿಬ್ಬರೂ ಹೇಳುತ್ತಿರುವುದು ಅಭಿಧಮನಿಯ ರಕ್ತ, ಒತ್ತಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ನನ್ನ ಹೆಂಡತಿಯ ತಮಟೆಯ ಹಿಂದೆ ಕೆಂಪಗೆ ಕಂಡದ್ದನ್ನು ಗಡ್ಡೆಯೆಂದು ಚುಚ್ಚಿದರು. ಅದು ದಾರಿ ತಪ್ಪಿ ಬಂದಿದ್ದ, ಮೆದುಳಿಗೆ ರಕ್ತ ಒಯ್ಯುವ ಕ್ಯಾರೋಟಿಡ್ ಅಪಧಮನಿ. ಕಿವಿ ಬಿಗಿಯಾಗಿ ಪ್ಯಾಕ್ ಮಾಡಿ ಆಂಜಿಯೋಗ್ರಫಿಗೆ ಒಯ್ದರು. ಪಾರ್ಶ್ವವಾಯು ಆಗಲಿಲ್ಲ ಎನ್ನುವುದಷ್ಟೇ ಸಮಾಧಾನ. ಕಿವಿಯಲ್ಲಿ ನಾಡಿ ಬಡಿದಂತೆ ಕೇಳಿಸುತ್ತದೆ ಎಂದು ಅವಳು ಮೊದಲೇ ಹೇಳಿದ್ದಳು. ಅದನ್ನು ಯಾರೂ ಬರೆದುಕೊಂಡಿರಲಿಲ್ಲ.

ಅಣ್ಣ: ಒತ್ತಿದರೆ ನಿಲ್ಲುತ್ತದೆಯೇ? ಒತ್ತಿ ತುಂಬಿದ್ದರಿಂದಲೇ ತಮ್ಮನಿಗೆ ಹೆಪ್ಪುಗಟ್ಟಿದ್ದು, ಸ್ವಾಮಿ. ಯಾರ ರಕ್ತ ದೊಡ್ಡದೆಂಬ ಸ್ಪರ್ಧೆ ಇಲ್ಲಿ ಬೇಡ.

ಮಗಳು: ಅಮ್ಮನಿಗೂ ಅಂಥದೇ ನಾಡಿ ಬಡಿತ ಕೇಳಿಸುತ್ತಿತ್ತು. ಎರಡನೆಯ ಸಲಕ್ಕೆ ಮೊದಲು ಸ್ಕ್ಯಾನ್ ಮಾಡಿಸುತ್ತೇವೆ. ಶಸ್ತ್ರಚಿಕಿತ್ಸೆಯ ಟಿಪ್ಪಣಿಯ ಪ್ರತಿಯನ್ನೂ ಕೇಳಿದ್ದೇವೆ.